ಬಟ್ಟಲಿನ ಹಾವು, ಎಲುಬಿನ ಆನೆ

ಚೀನಾದಲ್ಲಿ ಬಹಳ ಹಿಂದಿನಿಂದ ಬಂದ ಒಂದು ಕತೆ ಇದೆ. ಕ್ರಿ.ಶ. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಯಿಂಗ್ ಷಾವೊ ಎಂಬ ವಿದ್ವಾಂಸ ತನ್ನ ಕಾಲದ ಜನರ ನಂಬಿಕೆ, ನಡವಳಿಕೆಗಳನ್ನು ಕುರಿತು ಬರೆದ ಗ್ರಂಥದಲ್ಲಿ ಅದನ್ನು ದಾಖಲಿಸಿದ್ದಾನೆ. ಅವನ ಅಜ್ಜ ಒಂದು ಸೀಮೆಯ ಅಧಿಕಾರಿಯಾಗಿದ್ದ. ಬೇಸಿಗೆಯ ಒಂದು ದಿನ ತನ್ನ ಕಚೇರಿಯ ದು ಶ್ವಾನ್ ಎಂಬ ನೌಕರನನ್ನು ಮನೆಗೆ ಕರೆದು ಮದ್ಯ ಕೊಟ್ಟು ಉಪಚರಿಸಿದ. ದು ಶ್ವಾನ್ ಬಟ್ಟಲನ್ನು ಕೈಗೆತ್ತಿಕೊಂಡರೆ ಒಳಗೆ ಒಂದು ಹಾವು! ಮೇಲಧಿಕಾರಿ ಕೊಟ್ಟದ್ದನ್ನು ಬೇಡವೆನ್ನುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿ ಕುಡಿದುಬಿಟ್ಟ. ಅಂದಿನಿಂದಲೇ ಎದೆ, ಹೊಟ್ಟೆಗಳಲ್ಲಿ ನೋವು ಹತ್ತಿಕೊಂಡಿತು. ಊಟ ಸೇರದೆ ಆಸಾಮಿ ಸೊರಗಿಹೋದ. ಯಾವ ಔಷಧಿಯೂ ನಾಟಲಿಲ್ಲ.

ಕೆಲವು ಕಾಲದ ಮೇಲೆ ಅಧಿಕಾರಿ ವಿಚಾರಿಸಲು ಬಂದಾಗ ಹಾವಿನ ಸಂಗತಿ ಹೊರಬಿತ್ತು. ಆತ ತನ್ನ ಮನೆಗೆ ಹಿಂದಿರುಗಿ ಯೋಚಿಸುತ್ತ ಕುಳಿತಾಗ ಗೋಡೆಗೆ ತೂಗುಹಾಕಿದ್ದ ಬಿಲ್ಲು ಕಣ್ಣಿಗೆ ಬಿತ್ತು. ರೋಗಿಯನ್ನು ಗಾಡಿಯಲ್ಲಿ ಕರೆಸಿ, ಅದೇ ಜಾಗದಲ್ಲಿ ಕೂರಿಸಿ, ಮತ್ತೆ ಬಟ್ಟಲು ತುಂಬಿಸಿದ. ಹಾವು ಮತ್ತೆ ಕಾಣಿಸಿತು. "ಅದು ಗೋಡೆಯ ಮೇಲಿನ ಬಿಲ್ಲಿನ ನೆರಳು" ಎಂದು ತೋರಿಸಿಕೊಟ್ಟ ಮೇಲೆ ದು ಶ್ವಾನನ ಕಾಯಿಲೆ ಬಿಟ್ಟುಹೋಯಿತು. ಇಂದಿಗೂ ಚೀನೀ ಭಾಷೆಯಲ್ಲಿ ಕಾರಣವಿಲ್ಲದೆ ಹೆದರುವವನನ್ನು ಕುರಿತು "ಬಟ್ಟಲು, ಬಿಲ್ಲು, ಹಾವು, ನೆರಳು" ಎಂಬ ನಾಲ್ಕು ಅಕ್ಷರಗಳ ಗಾದೆಮಾತನ್ನು ಆಡುತ್ತಾರೆ.

ನಮ್ಮ ಓದುಗರಿಗೆ ಈ ಕತೆ ಕೇಳುತ್ತಲೇ ವೇದಾಂತಿಗಳ ಹಗ್ಗ-ಹಾವಿನ ದೃಷ್ಟಾಂತ ನೆನಪಾಗದೆ ಇರದು. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ತಿಳಿದವನ ಭಯ ನಿಜವಾದ ಭಯವೇ, ಹಾವು ಮಾತ್ರ ನಿಜವಲ್ಲ. ಎರಡು ದೇಶಗಳೂ ಒಂದೇ ಪ್ರಶ್ನೆಯನ್ನು ವಿಚಾರ ಮಾಡಿದ್ದುವು. ಇಲ್ಲದ್ದು ಇದ್ದಂತೆ ಕಾಣುವುದಕ್ಕೆ ಏನೆಂದು ಹೆಸರು?

ಇಂಗ್ಲಿಷ್ ಕಲಿಯುವ ಚೀನೀ ವಿದ್ಯಾರ್ಥಿಗೆ ಇದೇ ಪ್ರಶ್ನೆ ಪಾಠದ ಬೆಂಚಿನ ಮೇಲೆ ಎದುರಾಗುತ್ತದೆ. ಇಲ್ಯೂಶನ್, ಹ್ಯಾಲ್ಯುಸಿನೇಶನ್, ಡೆಲ್ಯೂಶನ್, ಫ್ಯಾಂಟಸಿ, ಇಮ್ಯಾಜಿನೇಶನ್ ಎಂದು ಶಬ್ದಗಳ ಸಾಲೇ ಇದೆ. ನಿಘಂಟು ತೆರೆದರೆ ಒಂದೊಂದರ ಮುಂದೆಯೂ 'ಹುವಾನ್' ಅಥವಾ 'ಶ್ಯಾಂಗ್' ಎಂಬ ಅಕ್ಷರ ಸೇರಿದ ಪದಗಳು ಅದಲುಬದಲಾಗಿ ಕುಳಿತಿರುತ್ತವೆ. ಒಂದಕ್ಕೆ ಇನ್ನೊಂದನ್ನು ಬಳಸಿದರೆ ತಪ್ಪೇನು ಎನ್ನಿಸಬಹುದು. ಆದರೆ ಈ ಪದಗಳ ನಡುವಿನ ಗೆರೆ ಬರಿಯ ವ್ಯಾಕರಣದ ಗೆರೆಯಲ್ಲ. ಒಬ್ಬನನ್ನು ಕವಿ ಎನ್ನಬೇಕೋ, ರೋಗಿ ಎನ್ನಬೇಕೋ, ಸುಳ್ಳುಗಾರ ಎನ್ನಬೇಕೋ ಎಂಬುದನ್ನು ಅನೇಕ ವೇಳೆ ಈ ಗೆರೆಯೇ ತೀರ್ಮಾನಿಸಿದೆ. ಪದಗಳ ಹಿಂದಿನ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಇದು ತಿಳಿಯುತ್ತದೆ.

ಕಾಣದ ಆನೆಯ ಎಲುಬು

ಕಲ್ಪನೆಗೆ, ಅಂದರೆ ಇಂಗ್ಲಿಷಿನ ಇಮ್ಯಾಜಿನೇಶನ್‌ಗೆ, ಚೀನೀ ಪದ 'ಶ್ಯಾಂಗ್‌ಶ್ಯಾಂಗ್'. ಎರಡು ಅಕ್ಷರಗಳ ಉಚ್ಚಾರ ನಮ್ಮ ಕಿವಿಗೆ ಒಂದೇ ಆದರೂ ಸ್ವರದ ಏರಿಳಿತ ಬೇರೆ, ಬರೆಯುವ ರೀತಿ ಬೇರೆ. ಮೊದಲನೆಯದು 'ಯೋಚಿಸು'. ಅದರ ಬುಡದಲ್ಲಿ ಹೃದಯದ ಚಿಹ್ನೆ ಇದೆ. ಎರಡನೆಯದಕ್ಕೆ 'ರೂಪ', 'ಚಿಹ್ನೆ' ಎಂದು ಅರ್ಥ. ಅದರ ಮೂಲಾರ್ಥ ಮಾತ್ರ ಆನೆ!

ಆನೆಗೂ ಕಲ್ಪನೆಗೂ ಎಲ್ಲಿಯ ಸಂಬಂಧ? ಕ್ರಿ.ಪೂ. 233ರಲ್ಲಿ ತೀರಿಕೊಂಡ ಹಾನ್ ಫೇಯ್ ಎಂಬ ರಾಜನೀತಿಜ್ಞನ ಹೆಸರಿನಲ್ಲಿರುವ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಜನರು ಬದುಕಿರುವ ಆನೆಯನ್ನು ನೋಡುವುದು ಅಪರೂಪ. ಸತ್ತ ಆನೆಯ ಎಲುಬುಗಳು ಸಿಕ್ಕಾಗ ಅವನ್ನು ಆಧಾರವಾಗಿಟ್ಟುಕೊಂಡು ಅದು ಬದುಕಿದ್ದಾಗ ಹೇಗಿದ್ದಿರಬೇಕೆಂದು ಮನಸ್ಸಿಗೆ ತಂದುಕೊಳ್ಳುತ್ತಾರೆ. ಆದ್ದರಿಂದಲೇ ಮನಸ್ಸಿನಲ್ಲಿ ರೂಪಿಸಿಕೊಂಡದ್ದಕ್ಕೆಲ್ಲ 'ಆನೆ' ಎಂಬ ಹೆಸರು ಬಂತು ಎಂದು ಅಲ್ಲಿ ವಿವರಿಸಿದೆ.

ಈ ವಿವರಣೆಯ ಹಿಂದೆ ಒಂದು ನಿಜವಾದ ಚರಿತ್ರೆಯೂ ಅಡಗಿದೆ. ಹಾನ್ ಫೇಯ್‌ಗಿಂತ ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಚೀನಾದ ಹಳದಿ ನದಿಯ ಬಯಲಿನಲ್ಲಿ ಆನೆಗಳಿದ್ದುವು. ಶಾಂಗ್ ಅರಸರ ರಾಜಧಾನಿಯಾಗಿದ್ದ ಆನ್ಯಾಂಗ್ ಬಳಿ ಉತ್ಖನನ ನಡೆದಾಗ ಆನೆಯ ಅಸ್ಥಿಗಳು ದೊರೆತಿವೆ. ಭವಿಷ್ಯ ಕೇಳಲು ಬಳಸುತ್ತಿದ್ದ ಎಲುಬುಗಳ ಮೇಲಿನ ಬರಹದಲ್ಲಿ ಆನೆಯ ಚಿತ್ರಾಕ್ಷರವೂ ಇದೆ. ಹವೆ ತಂಪಾಗುತ್ತ, ಕಾಡು ಕಡಿದು ಹೊಲ ಮಾಡುತ್ತ ಬಂದಂತೆ ಆನೆಗಳು ದಕ್ಷಿಣಕ್ಕೆ ಸರಿದುಹೋದುವು. ಈಗ ಆ ದೇಶದಲ್ಲಿ ಕಾಡಾನೆಗಳು ಉಳಿದಿರುವುದು ದಕ್ಷಿಣದ ಅಂಚಿನ ಯುನ್ನಾನ್ ಪ್ರಾಂತ್ಯದಲ್ಲಿ ಮಾತ್ರ. 2021ರಲ್ಲಿ ಅಲ್ಲಿನ ಒಂದು ಹಿಂಡು ಉತ್ತರದ ಕಡೆಗೆ ನೂರಾರು ಕಿಲೋಮೀಟರ್ ನಡೆದು ಕುನ್‌ಮಿಂಗ್ ನಗರದ ಹತ್ತಿರಕ್ಕೆ ಬಂದಾಗ ಇಡೀ ದೇಶವೇ ಅವನ್ನು ಟಿ.ವಿ.ಯಲ್ಲಿ ನೋಡುತ್ತ ಕುಳಿತಿತ್ತು. ಕೊಡಗು, ಹಾಸನಗಳಲ್ಲಿ ರಾತ್ರಿ ಕಾಫಿ ತೋಟಕ್ಕೆ ನುಗ್ಗುವ ಆನೆಯನ್ನು ಕಂಡ ನಮ್ಮ ರೈತನಿಗೆ ಆನೆ ಕಲ್ಪನೆಯ ವಸ್ತುವಾಗುವುದು ಸಾಧ್ಯವಿಲ್ಲ. ಉತ್ತರ ಚೀನಾದವನಿಗೆ ಅದು ಹಾಗೇ ಆಯಿತು.

ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ 'ಇಮಾಗೊ'. ಅದಕ್ಕೆ ಪ್ರತಿರೂಪ ಎಂದು ಅರ್ಥ. ರೋಮಿನ ದೊಡ್ಡ ಮನೆತನದವರು ಗತಿಸಿದ ಹಿರಿಯರ ಮುಖವನ್ನು ಮೇಣದಲ್ಲಿ ಮಾಡಿಸಿ ಮನೆಯ ಮುಂಗೋಣೆಯಲ್ಲಿ ಇರಿಸುತ್ತಿದ್ದರು. ಆ ಮೇಣದ ಮುಖಕ್ಕೂ ಇದೇ ಹೆಸರು. ಒಂದು ಕಡೆ ಸತ್ತ ಆನೆಯ ಎಲುಬು, ಇನ್ನೊಂದು ಕಡೆ ಸತ್ತ ಹಿರಿಯನ ಮೇಣದ ಮುಖ. ಎರಡೂ ಪದಗಳು ಎದುರಿಗಿಲ್ಲದ್ದನ್ನು ಕೈಗೆ ಸಿಕ್ಕ ಗುರುತಿನಿಂದ ಮನಸ್ಸಿಗೆ ಕರೆತರುವ ಕೆಲಸವನ್ನೇ ಹೇಳುತ್ತವೆ. ನಮ್ಮ 'ಕಲ್ಪನೆ' ಸ್ವಲ್ಪ ಬೇರೆ. ಅದರ ಸಂಸ್ಕೃತ ಧಾತುವಿಗೆ ಅಣಿಗೊಳಿಸು, ರಚಿಸು ಎಂಬ ಅರ್ಥವಿದೆ.

ಕಣ್ಕಟ್ಟಿನಿಂದ ಮಾಯೆಗೆ

ಇನ್ನು 'ಹುವಾನ್'. ಕ್ರಿ.ಶ. 100ರ ಸುಮಾರಿಗೆ ಸಿದ್ಧವಾದ, ಅಕ್ಷರಗಳ ರಚನೆಯನ್ನು ವಿವರಿಸುವ ಪ್ರಸಿದ್ಧ ನಿಘಂಟು ಇದನ್ನು ವಂಚನೆ, ಮರುಳು ಮಾಡುವುದು ಎಂದು ಅರ್ಥೈಸಿದೆ. 'ಕೊಡು' ಎಂಬ ಅಕ್ಷರವನ್ನು ತಲೆಕೆಳಗು ಮಾಡಿ ಈ ಅಕ್ಷರವನ್ನು ಮಾಡಿದೆ ಎಂಬುದೂ ಅದರ ವಿವರಣೆಯೇ. ಕೊಟ್ಟಂತೆ ಮಾಡಿ ಕೊಡದಿರುವುದು ಎಂದುಕೊಳ್ಳಬಹುದು. ಕನ್ನಡದಲ್ಲಿ ಇದಕ್ಕೆ ಸಮೀಪದ ಮಾತು 'ಕಣ್ಕಟ್ಟು'.

ಆ ಕಾಲದ ಚೀನೀಯರಿಗೆ ಹುವಾನ್ ಎಂದರೆ ಕಣ್ಣಾರೆ ಕಂಡ ಜಾದೂ. ಕ್ರಿ.ಶ. 120ರಲ್ಲಿ ಇಂದಿನ ಬರ್ಮಾ ಗಡಿಯ ಕಡೆಯ ಒಬ್ಬ ಅರಸ ಹಾನ್ ಚಕ್ರವರ್ತಿಯ ಆಸ್ಥಾನಕ್ಕೆ ವಾದ್ಯಗಾರರೊಂದಿಗೆ 'ಹುವಾನ್ ಜನ'ರನ್ನೂ ಕಾಣಿಕೆಯಾಗಿ ಕಳುಹಿಸಿದನೆಂದು ಆ ವಂಶದ ಇತಿಹಾಸ ಹೇಳುತ್ತದೆ. ಅವರು ಬಾಯಿಂದ ಬೆಂಕಿ ಉಗುಳುತ್ತಿದ್ದರು, ತಮ್ಮ ಕೈಕಾಲುಗಳನ್ನು ತಾವೇ ಬೇರ್ಪಡಿಸಿಕೊಳ್ಳುತ್ತಿದ್ದರು, ಎತ್ತಿಗೆ ಕುದುರೆಯ ತಲೆಯನ್ನೂ ಕುದುರೆಗೆ ಎತ್ತಿನ ತಲೆಯನ್ನೂ ಬದಲಿಸಿ ತೋರಿಸುತ್ತಿದ್ದರು. ತಾವು ಸಮುದ್ರದ ಪಶ್ಚಿಮದವರು ಎಂದು ಹೇಳಿಕೊಂಡರಂತೆ. ರೋಮನ್ ಸಾಮ್ರಾಜ್ಯದ ಕಡೆಯವರು ಎಂದು ಆ ಇತಿಹಾಸದ ತಾತ್ಪರ್ಯ.

ಜಾತ್ರೆಯ ಆಟಕ್ಕೆ ಸಲ್ಲುತ್ತಿದ್ದ ಈ ಪದಕ್ಕೆ ತತ್ತ್ವಶಾಸ್ತ್ರದ ಪದವಿ ದೊರೆತದ್ದು ಭಾರತದ ಬೌದ್ಧ ಗ್ರಂಥಗಳಿಂದ. ಭಾಷಾಂತರಕಾರರು ಸಂಸ್ಕೃತದ 'ಮಾಯಾ' ಶಬ್ದಕ್ಕೆ ಇದನ್ನೇ ಆರಿಸಿಕೊಂಡರು. ಅವರಲ್ಲಿ ಬಹು ದೊಡ್ಡ ಹೆಸರು ಕುಮಾರಜೀವನದು. ತಂದೆ ಭಾರತೀಯ, ತಾಯಿ ಮಧ್ಯ ಏಷ್ಯಾದ ಕೂಚಾ ರಾಜ್ಯದ ರಾಜಕುಮಾರಿ. ಅವನನ್ನು 401ರಲ್ಲಿ ಚಾಂಗ್‌ಆನ್ ನಗರಕ್ಕೆ ಕರೆತರಲಾಯಿತು. ಅಲ್ಲಿ ದೊಡ್ಡ ವಿದ್ವಾಂಸರ ತಂಡ ಕಟ್ಟಿಕೊಂಡು ಹತ್ತಾರು ಗ್ರಂಥಗಳನ್ನು ಚೀನೀ ಭಾಷೆಗೆ ತಂದ. ಅವುಗಳಲ್ಲಿ ಒಂದಾದ ವಜ್ರಚ್ಛೇದಿಕಾ ಸೂತ್ರ ಲೋಕವನ್ನು ಕನಸಿಗೂ ಮಾಯೆಗೂ ನೀರಗುಳ್ಳೆಗೂ ಹೋಲಿಸಿ ಮುಗಿಯುತ್ತದೆ. ಈ ಭಾಷಾಂತರದ 868ರ ಅಚ್ಚಿನ ಪ್ರತಿಯೊಂದು ದುನ್‌ಹುವಾಂಗ್ ಗುಹೆಗಳಲ್ಲಿ ದೊರೆತು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ದಿನಾಂಕ ನಮೂದಿಸಿರುವ ಅಚ್ಚಾದ ಪುಸ್ತಕಗಳಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯದು ಅದೇ.

ಕುಮಾರಜೀವನೇ ಭಾಷಾಂತರಿಸಿದ ಇನ್ನೊಂದು ದೊಡ್ಡ ವ್ಯಾಖ್ಯಾನ ಗ್ರಂಥದಲ್ಲಿ ಲೋಕದ ಅಸ್ಥಿರತೆಗೆ ಹತ್ತು ಉಪಮೆಗಳಿವೆ. ಕಣ್ಕಟ್ಟು, ಬಿಸಿಲ ಜಳ, ನೀರಿನಲ್ಲಿ ಕಾಣುವ ಚಂದ್ರ, ಪ್ರತಿಧ್ವನಿ, ಗಂಧರ್ವನಗರ, ಕನಸು, ನೆರಳು, ಕನ್ನಡಿಯ ಬಿಂಬ ಇತ್ಯಾದಿ. ಬಿಸಿಲ ಜಳವನ್ನು ಚೀನೀಯರು 'ಸೂರ್ಯನ ಉರಿ' ಎಂದು ಅನುವಾದಿಸಿಕೊಂಡರೆ ಕನ್ನಡಿಗ ಅದೇ ಮರೀಚಿಕೆಯಲ್ಲಿ ಓಡುವ ಕುದುರೆಗಳನ್ನು ಕಂಡು 'ಬಿಸಿಲ್ಗುದುರೆ' ಎಂದ. ಆಕಾಶದಲ್ಲಿ ತೋರಿ ಮಾಯವಾಗುವ ಗಂಧರ್ವನಗರದ ಹೆಸರನ್ನು ಮಾತ್ರ ಉಚ್ಚಾರಣೆ ಹಿಡಿದು ಹಾಗೆಯೇ ಉಳಿಸಿಕೊಂಡರು. ಹಾಗೆಂದು ಅವರಲ್ಲಿ ಇಂಥ ನಗರ ಇರಲಿಲ್ಲವೆಂದಲ್ಲ. ಸಮುದ್ರತೀರದ ಜನ ನೀರಿನ ಮೇಲೆ ಒಮ್ಮೊಮ್ಮೆ ತೋರುವ ಮಹಲು, ಗೋಪುರಗಳನ್ನು ದೈತ್ಯ ಕಪ್ಪೆಚಿಪ್ಪಿನ ಪ್ರಾಣಿ ಬಿಟ್ಟ ಉಸಿರೆಂದು ತಿಳಿದಿದ್ದರು. ಇಂಗ್ಲಿಷಿನ ಮಿರಾಜ್‌ಗೆ ಇವತ್ತಿಗೂ ಅವರು ಕೊಡುವ ಪದದಲ್ಲಿ ಆ ಪ್ರಾಣಿ ಕಟ್ಟಿದ ಮಹಡಿ ಇದೆ.

ಹೀಗೆ ಹುವಾನ್ ಎಂಬ ಒಂದೇ ಅಕ್ಷರಕ್ಕೆ ಜಾದೂಗಾರನ ಆಟ, ಮರೀಚಿಕೆ, ಇಡೀ ಪ್ರಪಂಚ ಮೂರೂ ಸೇರಿಕೊಂಡವು. ಎಲ್ಲವೂ ಮಾಯೆ ಎಂದ ಮೇಲೆ ಯಾವುದು ಕಣ್ಣಿನ ತಪ್ಪು, ಯಾವುದು ಮನಸ್ಸಿನ ರೋಗ ಎಂದು ಬಿಡಿಸಿ ನೋಡುವ ಅಗತ್ಯ ತತ್ತ್ವಜ್ಞಾನಿಗೆ ಬೀಳಲಿಲ್ಲ. ಆ ಅಗತ್ಯ ಬಿದ್ದದ್ದು ವೈದ್ಯನಿಗೆ.

1817ರ ಎರಡು ಪುಸ್ತಕಗಳು

ಇಂಗ್ಲಿಷಿನಲ್ಲಿಯೂ ಈ ಪದಗಳು ಮೊದಲಿನಿಂದ ಇಷ್ಟು ಖಚಿತವಾಗಿರಲಿಲ್ಲ. ಹ್ಯಾಲ್ಯುಸಿನೇಶನ್‌ಗೆ ಮೂಲವಾದ ಲ್ಯಾಟಿನ್ ಕ್ರಿಯಾಪದಕ್ಕೆ ಮನಸ್ಸು ಅಲೆಯುವುದು, ಏನೇನೋ ಹರಟುವುದು ಎಂದಷ್ಟೇ ಅರ್ಥ. ವೈದ್ಯನೂ ಲೇಖಕನೂ ಆಗಿದ್ದ ಥಾಮಸ್ ಬ್ರೌನ್ 1646ರಲ್ಲಿ ಜನರ ತಪ್ಪು ತಿಳಿವಳಿಕೆಗಳನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ದೃಷ್ಟಿದೋಷದ ಅರ್ಥದಲ್ಲಿ ಬಳಸಿದ. ಈಗಿನ ಅರ್ಥಕ್ಕೆ ಗಟ್ಟಿಯಾದ ತಳಹದಿ ಹಾಕಿದವನು ಪ್ಯಾರಿಸ್ಸಿನ ಮನೋವೈದ್ಯ ಎಸ್ಕಿರೋಲ್. 1817ರಲ್ಲಿ ಒಂದು ವೈದ್ಯಕೀಯ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ಹೊರಗೆ ಯಾವ ವಸ್ತುವೂ ಇಲ್ಲದಿರುವಾಗ ಒಬ್ಬನು ತಾನು ಕಾಣುತ್ತಿದ್ದೇನೆ, ಕೇಳುತ್ತಿದ್ದೇನೆ ಎಂದು ದೃಢವಾಗಿ ನಂಬುವ ಸ್ಥಿತಿಗೆ ಈ ಹೆಸರನ್ನು ನಿಗದಿ ಮಾಡಿದ. ವಸ್ತು ಇದ್ದು ಅದನ್ನು ತಪ್ಪಾಗಿ ಗ್ರಹಿಸುವುದು ಬೇರೆ, ಅದು ಇಲ್ಯೂಶನ್.

ನಮ್ಮ ಹಾವನ್ನೇ ತೆಗೆದುಕೊಂಡರೆ ಈ ವಿಂಗಡಣೆ ಸುಲಭವಾಗಿ ಅರ್ಥವಾಗುತ್ತದೆ. ಹಗ್ಗವನ್ನೋ ಬಿಲ್ಲಿನ ನೆರಳನ್ನೋ ಕಂಡು ಹಾವೆಂದರೆ ಇಲ್ಯೂಶನ್. ಹಗ್ಗವೂ ಇಲ್ಲದೆ ನೆರಳೂ ಇಲ್ಲದೆ ಬರಿಯ ನೆಲದ ಮೇಲೆ ಹಾವು ಹರಿದಾಡಿದರೆ ಹ್ಯಾಲ್ಯುಸಿನೇಶನ್. ಹಾವು ಕಾಣದಿದ್ದರೂ, ಪಕ್ಕದ ಮನೆಯವನು ತನ್ನನ್ನು ಕೊಲ್ಲಲು ದಿನವೂ ಹಾವು ತಂದು ಬಿಡುತ್ತಾನೆಂದು ಯಾವ ಸಾಕ್ಷ್ಯಕ್ಕೂ ಬಗ್ಗದೆ ನಂಬಿ ಕುಳಿತರೆ ಡೆಲ್ಯೂಶನ್. ದು ಶ್ವಾನನಿಗೆ ಬಿಲ್ಲನ್ನು ತೋರಿಸಿದ ಕೂಡಲೇ ಗುಣವಾಯಿತು. ಮೂರನೆಯ ಬಗೆಯ ರೋಗಿಗೆ ಬಿಲ್ಲನ್ನು ತೋರಿಸಿ ಪ್ರಯೋಜನವಿಲ್ಲ. ಬಿಲ್ಲನ್ನು ಅಲ್ಲಿ ತೂಗುಹಾಕಿದವನೂ ಪಿತೂರಿಯಲ್ಲಿ ಸೇರಿದ್ದಾನೆ ಎಂದುಬಿಡುತ್ತಾನೆ.

ಇಲ್ಲದ್ದನ್ನು ಕಂಡವರೆಲ್ಲ ಹುಚ್ಚರೇನೂ ಅಲ್ಲ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಷಾರ್ಲ್ ಬೋನೆ 1760ರಲ್ಲಿ ತನ್ನ ಮುದಿ ಅಜ್ಜನ ವಿಷಯವನ್ನು ಬರೆದಿಟ್ಟಿದ್ದಾನೆ. ಕಣ್ಣಿನ ಪೊರೆಯಿಂದ ದೃಷ್ಟಿ ಮಂದವಾಗಿದ್ದ ಆ ವೃದ್ಧರಿಗೆ ಮನುಷ್ಯರು, ಹಕ್ಕಿಗಳು, ಕಟ್ಟಡಗಳು ಕಾಣುತ್ತಿದ್ದುವು. ಅವು ನಿಜವಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬುದ್ಧಿ ಸ್ವಚ್ಛವಾಗಿತ್ತು. ಇಂದು ಈ ಸ್ಥಿತಿ ಬೋನೆಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಎಸ್ಕಿರೋಲನ ಲೇಖನ ಬಂದ 1817ರಲ್ಲಿಯೇ ಇಂಗ್ಲೆಂಡಿನಲ್ಲಿ ಕವಿ ಕೋಲ್‌ರಿಜ್‌ನ 'ಬಯಾಗ್ರಫಿಯಾ ಲಿಟರೇರಿಯಾ' ಪ್ರಕಟವಾಯಿತು. ಅದರಲ್ಲಿ ಆತ ಫ್ಯಾನ್ಸಿಯನ್ನೂ ಇಮ್ಯಾಜಿನೇಶನ್ನನ್ನೂ ಬೇರ್ಪಡಿಸಿದ. ಗ್ರೀಕಿನ 'ಫಂಟಾಸಿಯಾ'ದಿಂದ ಬಂದ ಫ್ಯಾಂಟಸಿಯ ಮೊಟಕು ರೂಪವೇ ಫ್ಯಾನ್ಸಿ. ನೆನಪಿನ ಉಗ್ರಾಣದ ಸಾಮಾನುಗಳನ್ನು ಜೋಡಿಸಿಡುವುದು ಫ್ಯಾನ್ಸಿ, ಅವನ್ನು ಕರಗಿಸಿ ಹೊಸದೊಂದನ್ನು ಸೃಷ್ಟಿಸುವುದು ಇಮ್ಯಾಜಿನೇಶನ್ ಎಂಬುದು ಅವನ ವಾದದ ಸಾರಾಂಶ. ಪಾಪ, ಫ್ಯಾನ್ಸಿಯ ಬೆಲೆ ಅಂದಿನಿಂದ ಇಳಿಯುತ್ತಲೇ ಬಂತು. ಅದು ನಮ್ಮ ಪೇಟೆಬೀದಿಗೆ ಬರುವ ಹೊತ್ತಿಗೆ ಬಳೆ, ರಿಬ್ಬನ್, ಸ್ನೋ-ಪೌಡರುಗಳ ಫ್ಯಾನ್ಸಿ ಸ್ಟೋರ್ ಆಗಿತ್ತು.

ಬಂದರಿನ ಇಂಗ್ಲಿಷಿನಿಂದ ನಿಘಂಟಿನವರೆಗೆ

ಚೀನಾದ ಸಾಮಾನ್ಯ ಜನ ಮೊದಲು ಕಲಿತ ಇಂಗ್ಲಿಷಿನಲ್ಲಿ ಇಂಥ ಪದಗಳಿಗೆ ಎಡೆಯೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕ್ಯಾಂಟನ್ ಬಂದರಿನಲ್ಲಿ 'ಕೆಂಗೂದಲವರ ಭಾಷೆ' ಕಲಿಸುವ ಅಗ್ಗದ ಕಿರುಹೊತ್ತಗೆಗಳು ಮಾರಾಟವಾಗುತ್ತಿದ್ದುವು. ಇಂಗ್ಲಿಷ್ ಶಬ್ದಗಳ ಉಚ್ಚಾರವನ್ನು ಚೀನೀ ಅಕ್ಷರಗಳಲ್ಲಿಯೇ ಬರೆದಿರುತ್ತಿತ್ತು. ಅಂಕಿ-ಸಂಖ್ಯೆ, ಸರಕು, ತಿಂಡಿ-ತೀರ್ಥ, ವ್ಯವಹಾರದ ನಾಲ್ಕು ಮಾತು, ಅಷ್ಟೇ. ಚಹಾ ಮಾರುವವನಿಗೆ ಹ್ಯಾಲ್ಯುಸಿನೇಶನ್ ಕಟ್ಟಿಕೊಂಡು ಆಗಬೇಕಾದ್ದೇನು?

ಮನಸ್ಸಿನ ಪದಗಳು ಬಂದದ್ದು ನಿಘಂಟುಕಾರರ ಮೂಲಕ. 1807ರಲ್ಲಿ ಕ್ಯಾಂಟನ್ನಿಗೆ ಬಂದಿಳಿದ ಪಾದ್ರಿ ರಾಬರ್ಟ್ ಮಾರಿಸನ್‌ನ ಚೀನೀ ನಿಘಂಟು 1815ರಿಂದ 1823ರವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ಖರ್ಚಿನಲ್ಲಿ ಮಕಾವಿನಲ್ಲಿ ಅಚ್ಚಾಯಿತು. ಲೋಬ್‌ಷೈಡ್ ಎಂಬ ಇನ್ನೊಬ್ಬ ಮಿಶನರಿಯ ಇಂಗ್ಲಿಷ್-ಚೀನೀ ನಿಘಂಟು 1866-69ರಲ್ಲಿ ಹಾಂಗ್‌ಕಾಂಗಿನಿಂದ ಹೊರಬಂತು. ಅಷ್ಟರಲ್ಲಿ, 1862ರಲ್ಲಿ, ವಿದೇಶೀ ಭಾಷೆಗಳನ್ನು ಕಲಿಸುವ ಸರಕಾರಿ ಶಾಲೆ ಪೀಕಿಂಗಿನಲ್ಲಿ ಆರಂಭವಾಗಿತ್ತು. ಲೋಬ್‌ಷೈಡನ ನಿಘಂಟು ಜಪಾನಿನಲ್ಲಿಯೂ ಬಹಳ ಬಳಕೆಯಾಯಿತು. ಪಶ್ಚಿಮದ ವಿದ್ಯೆಗಳನ್ನು ಅವಸರದಿಂದ ಕಲಿಯುತ್ತಿದ್ದ ಜಪಾನೀ ವಿದ್ವಾಂಸರು ಹಳೆಯ ಚೀನೀ ಗ್ರಂಥಗಳ ಪದಗಳಿಗೆ ಹೊಸ ಅರ್ಥ ಕೊಟ್ಟು, ಇಲ್ಲವೆ ಹೊಸ ಜೋಡುಪದಗಳನ್ನು ಟಂಕಿಸಿ ಬಳಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿಗೆ ಓದಲು ಹೋದ ಸಾವಿರಾರು ಚೀನೀ ತರುಣರು ಆ ಪದಗಳನ್ನು ತಮ್ಮ ನಾಡಿಗೆ ಹೊತ್ತು ತಂದರು.

ಇಂದು ಚೀನೀ ಮನೋವೈದ್ಯರು ಇಲ್ಯೂಶನ್‌ಗೆ 'ತಪ್ಪು ಗ್ರಹಿಕೆ', ಹ್ಯಾಲ್ಯುಸಿನೇಶನ್‌ಗೆ 'ಹುವಾನ್ ಗ್ರಹಿಕೆ', ಡೆಲ್ಯೂಶನ್‌ಗೆ 'ಮಿಥ್ಯಾ ಯೋಚನೆ' ಎಂಬರ್ಥದ ಪದಗಳನ್ನು ಬಳಸುತ್ತಾರೆ. ಕೊನೆಯದು ಬೌದ್ಧ ಗ್ರಂಥಗಳಲ್ಲಿ ಮೊದಲೇ ಇದ್ದ ಮಾತು. ಆದರೆ ಆಡುಮಾತಿನಲ್ಲಿ ಎರಡನೆಯದು ಮೊದಲನೆಯದರ ಜಾಗಕ್ಕೂ ನುಗ್ಗುತ್ತದೆ. ವಿದ್ಯಾರ್ಥಿ ಎಡವುವುದು ಇಲ್ಲಿಯೇ. ನಮ್ಮಲ್ಲಿ 'ಭ್ರಮೆ', 'ಭ್ರಾಂತಿ'ಗಳ ಪಾಡೂ ಇದಕ್ಕಿಂತ ಉತ್ತಮವಾಗಿಲ್ಲ.

ಹುಚ್ಚನ ಕಣ್ಣು

ಜಪಾನಿಗೆ ಓದಲು ಹೋದವರಲ್ಲಿ ಒಬ್ಬ ಲು ಷುನ್. ಸೆಂಡಾಯ್ ನಗರದಲ್ಲಿ ವೈದ್ಯವಿದ್ಯೆ ಓದುತ್ತಿದ್ದಾಗ, ತರಗತಿಯಲ್ಲಿ ತೋರಿಸಿದ ಒಂದು ಸ್ಲೈಡಿನಲ್ಲಿ, ಗೂಢಚಾರನೆಂಬ ಆರೋಪದ ಮೇಲೆ ಒಬ್ಬ ಚೀನೀಯನ ತಲೆ ಕಡಿಯುವುದನ್ನು ಅವನ ನಾಡಿನವರೇ ಸುತ್ತ ನಿಂತು ಸುಮ್ಮನೆ ನೋಡುತ್ತಿರುವುದನ್ನು ಕಂಡ. ದೇಹಕ್ಕಿಂತ ಮೊದಲು ಮನಸ್ಸಿಗೆ ಚಿಕಿತ್ಸೆ ಬೇಕೆಂದು 1906ರಲ್ಲಿ ವೈದ್ಯಕೀಯವನ್ನು ಬಿಟ್ಟು ಸಾಹಿತ್ಯಕ್ಕೆ ತಿರುಗಿದೆ ಎಂದು ಆತ ಬರೆದುಕೊಂಡಿದ್ದಾನೆ. ಸ್ಲೈಡು ತೋರಿಸುವ ಯಂತ್ರಕ್ಕೆ ಚೀನೀ ಹೆಸರು 'ಹುವಾನ್ ದೀಪ', ಮಾಯಾದೀಪ. ವಿದ್ವಾಂಸರು ಈ ಘಟನೆಯನ್ನು 'ಮಾಯಾದೀಪದ ಪ್ರಸಂಗ' ಎಂದೇ ಕರೆಯುತ್ತಾರೆ.

1918ರ ಮೇ ತಿಂಗಳಲ್ಲಿ 'ಹೊಸ ಯುವಕ' ಎಂಬ ಪತ್ರಿಕೆಯಲ್ಲಿ ಬಂದ ಅವನ 'ಹುಚ್ಚನ ದಿನಚರಿ' ಆಧುನಿಕ ಚೀನೀ ಸಣ್ಣಕತೆಯ ಆರಂಭವೆಂದು ಹೆಸರಾಗಿದೆ. ಮುನ್ನುಡಿಯನ್ನು ಪಂಡಿತರ ಹಳೆಯ ಭಾಷೆಯಲ್ಲಿ ಬರೆದಿದೆ. ದಿನಚರಿ ಬರೆದವನಿಗೆ ತನ್ನನ್ನು ಇತರರು ಪೀಡಿಸುತ್ತಾರೆಂಬ ಬಗೆಯ ಉನ್ಮಾದವಿತ್ತು, ಈಗ ಗುಣವಾಗಿ ಸರಕಾರಿ ನೌಕರಿಗೆ ಹೋಗಿದ್ದಾನೆ ಎಂದು ಅದು ವೈದ್ಯನ ಧಾಟಿಯಲ್ಲಿ ತಿಳಿಸುತ್ತದೆ. ಆಮೇಲೆ ಆಡುಮಾತಿನಲ್ಲಿ ದಿನಚರಿ ಶುರುವಾಗುತ್ತದೆ. ಸುತ್ತಲಿನವರೆಲ್ಲ ನರಭಕ್ಷಕರು, ತನ್ನನ್ನು ತಿನ್ನಲು ಹೊಂಚುಹಾಕುತ್ತಿದ್ದಾರೆ ಎಂಬುದು ಅವನ ಅಳಲು. ನಿಘಂಟಿನ ಪ್ರಕಾರ ಇದು ಶುದ್ಧ ಡೆಲ್ಯೂಶನ್. ಆದರೆ ಓದುತ್ತ ಹೋದಂತೆ, ದುರ್ಬಲರನ್ನು ತಿಂದು ಬದುಕುವ ಹಳೆಯ ಸಮಾಜವನ್ನು ಸರಿಯಾಗಿ ಕಂಡವನು ಈ ಹುಚ್ಚನೊಬ್ಬನೇ ಏನೋ ಎಂದು ನಮಗೆ ಅಳುಕು ಹುಟ್ಟುತ್ತದೆ. ಹಾಗಾದರೆ ನೌಕರಿಗೆ ಹೋದವನು ಗುಣವಾದನೋ, ಕುರುಡನಾದನೋ? ಪರಕೀಯ ವೈದ್ಯಶಾಸ್ತ್ರದಿಂದ ಆಗ ತಾನೇ ಬಂದಿದ್ದ ಪದವನ್ನು ಹಿಡಿದು, ಆ ಪದ ಹಾಕುವ ಗೆರೆಯನ್ನೇ ಲು ಷುನ್ ಪ್ರಶ್ನಿಸಿದ್ದ.

ಇದೇ ಲು ಷುನ್ 1903ರಲ್ಲಿ ಜೂಲ್ ವೆರ್ನ್‌ನ ಚಂದ್ರಯಾನದ ಕಾದಂಬರಿಯನ್ನು ಜಪಾನೀ ಭಾಷೆಯಿಂದ ಅನುವಾದಿಸಿದ್ದ. ಇಂಥ ಸಾಹಿತ್ಯಕ್ಕೆ ಮುಂದೆ ನಿಂತ ಹೆಸರು 'ಕೆಹುವಾನ್', ಅಂದರೆ ವಿಜ್ಞಾನ-ಹುವಾನ್. ಈ ಜೋಡುಪದದ ಎರಡು ಭಾಗಗಳ ಜಗಳ ಒಮ್ಮೆ ವಿಕೋಪಕ್ಕೂ ಹೋಯಿತು. ಎವರೆಸ್ಟ್ ಪ್ರದೇಶದಲ್ಲಿ ಸಿಕ್ಕ ಮೊಟ್ಟೆಯಿಂದ ಡೈನೋಸಾರ್ ಮರಿ ಹೊರಬರುವ ಯೆ ಯೊಂಗ್ಲಿಯೆಯ ಕತೆಯನ್ನು 1979ರಲ್ಲಿ ಅವೈಜ್ಞಾನಿಕವೆಂದು ಪತ್ರಿಕೆಯಲ್ಲಿ ಖಂಡಿಸಲಾಯಿತು. 1983ರಲ್ಲಿ ಸರಕಾರ 'ಮಾನಸಿಕ ಮಾಲಿನ್ಯ'ದ ವಿರುದ್ಧ ಆಂದೋಲನ ಹೂಡಿದಾಗ ಇಡೀ ಪ್ರಕಾರವೇ ಗುರಿಯಾಗಿ, ಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. ಚೆಂಗ್ದು ನಗರದ ಒಂದು ಪತ್ರಿಕೆ ಹೇಗೋ ಜೀವ ಹಿಡಿದುಕೊಂಡು 1991ರಲ್ಲಿ 'ಕೆಹುವಾನ್ ಲೋಕ' ಎಂಬ ಹೆಸರು ತಳೆಯಿತು. ಲಿಯು ತ್ಸಿಷಿನ್‌ನ 'ತ್ರಿಕಾಯ' ಕಾದಂಬರಿ 2006ರಲ್ಲಿ ಅದರಲ್ಲಿಯೇ ಧಾರಾವಾಹಿಯಾಗಿ ಬಂತು. ಅದರ ಇಂಗ್ಲಿಷ್ ಅನುವಾದಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ದೊರೆಯಿತು. ಕಲ್ಪನೆಯನ್ನು ವಂಚನೆಯೆಂದು ಬಗೆದ ದಿನಗಳಲ್ಲಿ ಆ ಒಂದು ಪತ್ರಿಕೆಯೂ ನಿಂತುಹೋಗಿದ್ದರೆ ಎಷ್ಟು ನಷ್ಟವಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಹ್ಯಾಲ್ಯುಸಿನೇಶನ್ ಪದಕ್ಕೆ ಈಚೆಗೆ ಇನ್ನೂ ಒಂದು ಅರ್ಥ ಸೇರಿದೆ. ಮನುಷ್ಯರಂತೆ ಬರೆಯುವ ಕಂಪ್ಯೂಟರುಗಳು ಇಲ್ಲದ ಪುಸ್ತಕ, ನಡೆಯದ ಘಟನೆಗಳನ್ನು ಇದ್ದಂತೆ, ನಡೆದಂತೆ ಹೇಳಿಬಿಡುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ ಬಳಕೆಗೆ ಬಂತು. 2023ರಲ್ಲಿ ಕೇಂಬ್ರಿಜ್ ನಿಘಂಟು ಇದರ ಕ್ರಿಯಾಪದವನ್ನು ವರ್ಷದ ಪದವೆಂದು ಆರಿಸಿತು. ಚೀನೀಯರೂ ಅದಕ್ಕೆ ತಮ್ಮ 'ಹುವಾನ್ ಗ್ರಹಿಕೆ'ಯನ್ನೇ ಬಳಸುತ್ತಿದ್ದಾರೆ. ಆ ಪದದ ಎರಡನೆಯ ಅಕ್ಷರ, ಬುದ್ಧನ ಬೋಧಿಯನ್ನು ಅನುವಾದಿಸಲು ಹಿಂದಿನವರು ಬಳಸಿದ ಅಕ್ಷರವೇ! ಯಂತ್ರಕ್ಕೆ ಕಣ್ಣೂ ಇಲ್ಲ, ಭಯವೂ ಇಲ್ಲ. ಅದು ಬಟ್ಟಲಿನಲ್ಲಿ ಹಾವನ್ನು ಕಾಣುವುದಿಲ್ಲ. ಹಾವಿನ ಬಗ್ಗೆ ಹಿಂದಿನವರು ಬರೆದದ್ದನ್ನು ಜೋಡಿಸಿ ಮಾತು ಹೆಣೆಯುತ್ತದೆ. ಕೋಲ್‌ರಿಜ್ ಇದ್ದಿದ್ದರೆ ಇದನ್ನು ಫ್ಯಾನ್ಸಿ ಎನ್ನುತ್ತಿದ್ದನೇನೋ.

ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗೆ, ಅವನು ಚೀನಾದವನಾಗಲಿ ನಮ್ಮ ಹಳ್ಳಿಯವನಾಗಲಿ, ಪದಕ್ಕೆ ಪದ ಕೊಟ್ಟು ಬಾಯಿಪಾಠ ಮಾಡಿಸುವ ಬದಲು ಒಂದು ಬಟ್ಟಲು, ಒಂದು ಬಿಲ್ಲು, ನಾಲ್ಕು ಎಲುಬುಗಳ ಕತೆ ಹೇಳಿದರೆ ವ್ಯತ್ಯಾಸ ಮನಸ್ಸಿನಲ್ಲಿ ನಿಲ್ಲುತ್ತದೆ. ದು ಶ್ವಾನನ ಮೇಲಧಿಕಾರಿ ಮಾಡಿದ್ದೂ ಇಷ್ಟೇ. ಹಾವು ಕಂಡೆ ಎಂದವನನ್ನು ಸುಳ್ಳುಗಾರ ಎನ್ನಲಿಲ್ಲ, ಹುಚ್ಚ ಎನ್ನಲಿಲ್ಲ. ಅವನು ಕುಳಿತಿದ್ದ ಜಾಗದಲ್ಲಿಯೇ ಅವನನ್ನು ಮತ್ತೆ ಕೂರಿಸಿ, ಅವನಿಗೆ ಕಂಡದ್ದು ಏನೆಂದು ತೋರಿಸಿಕೊಟ್ಟ.